ನಳಿಕೆಯ ಮೇಲಿನ ಮುದ್ರೆ

ಹಳೆಯ ಪಿಸ್ತೂಲೊಂದು ಕೈಗೆ ಬಂದರೆ ಬಲ್ಲವರು ಮೊದಲು ಹಿಡಿಯ ಬೆಳ್ಳಿ ಕೆಲಸವನ್ನು ನೋಡುವುದಿಲ್ಲ. ನಳಿಕೆಯ ಬುಡವನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ಅಲ್ಲಿರುವ ಚಿಕ್ಕ ಮುದ್ರೆಗಳೇ ಅದರ ಊರು, ಕಾಲ, ಮಾಡಿದವನ ಹೆಸರು ಹೇಳುತ್ತವೆ. ಹಳೆಯ ಆಯುಧಗಳ ಸಂಗ್ರಹ ಎಂಬ ಹವ್ಯಾಸ ನಿಂತಿರುವುದೇ ಈ ಓದಿನ ಮೇಲೆ.

ನಮ್ಮ ನಾಡಿನ ಮಟ್ಟಿಗೆ ಈ ಓದು ಟಿಪ್ಪು ಸುಲ್ತಾನನ ಕೋವಿಗಳಿಂದ ಶುರುವಾಗಬೇಕು. ಶ್ರೀರಂಗಪಟ್ಟಣದಲ್ಲಿ ಅವನ ಖಾಸಗಿ ಬಳಕೆಗೆಂದು ತಯಾರಾದ ಕೋವಿ, ಪಿಸ್ತೂಲುಗಳ ಮೈಮೇಲೆ ಹುಲಿಪಟ್ಟೆಯ ಅಲಂಕಾರ ಇರುತ್ತದೆ. ಅವನ ತಂದೆ ಹೈದರನ ಹೆಸರಿನ ಮುದ್ರೆ ಇರುತ್ತದೆ. ಕುಶಲಕರ್ಮಿಯ ಸಹಿಯೂ ತಯಾರಾದ ವರ್ಷವೂ ಸಿಗುತ್ತವೆ. ಜೋಡಿ ಪಿಸ್ತೂಲುಗಳಲ್ಲಿ ಒಂದರ ಕುದುರೆ (ಚಕಮಕಿ ಕಲ್ಲು ಹಿಡಿದು ಬಡಿಯುವ ಭಾಗ) ಬಲಕ್ಕೆ, ಇನ್ನೊಂದರದು ಎಡಕ್ಕೆ ಇರುವಂತೆ ಮಾಡಿದ್ದೂ ಉಂಟು. ಎರಡೂ ಕೈಗೆ ಒಂದೊಂದು ಎಂಬ ಲೆಕ್ಕ.

ನಕಲು ಮಾಡುವವರು ಎಡವುವುದು ಸಾಮಾನ್ಯವಾಗಿ ವರ್ಷದ ಅಂಕಿಯಲ್ಲಿ. ಟಿಪ್ಪು ಮೌಲೂದಿ ಎಂಬ ತನ್ನದೇ ಶಕೆಯನ್ನು ಜಾರಿಗೆ ತಂದಿದ್ದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅವನ ನಾಣ್ಯಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಕ್ರಿ.ಶ. 1787ಕ್ಕೆ ಹೊಂದುವ 1215ನೇ ವರ್ಷ ನಮ್ಮ ಕಣ್ಣಿಗೆ 5121 ಎಂದು ತೋರುತ್ತದೆ. ಇದನ್ನರಿಯದೆ ಕೆತ್ತಿದ ತಾರೀಖು ಬಲ್ಲವರ ಮುಂದೆ ನಿಲ್ಲುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಆಯುಧಗಳು ಲೂಟಿಯ ಪಾಲಾಗಿ ಇಂಗ್ಲೆಂಡಿನ ಮನೆಗಳನ್ನು ಸೇರಿದವು. ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕ ಅವುಗಳ ಬೆನ್ನು ಹತ್ತಿ, ಟಿಪ್ಪುವಿನ ಬಂದೂಕುಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಅವನ ಸಂಗ್ರಹ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್‌ನಲ್ಲಿ ಹರಾಜಾದಾಗ ಒಟ್ಟು 60 ಲಕ್ಷ ಪೌಂಡಿಗೂ ಮೇಲೆ ಬಂತು. ಅದರಲ್ಲಿ 1793-94ರ ಒಂದು ಕೋವಿಯ ಮೇಲೆ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿಯ ಹೆಸರಿತ್ತು. ಒಂದೇ ನಳಿಕೆಯಲ್ಲಿ ಎರಡು ಗುಂಡು ತುಂಬಿ ಒಂದಾದ ಮೇಲೊಂದು ಹಾರಿಸುವ ಕೋವಿ ಅದು. ಅಂಥ ಕೆಲಸ ಮಾಡಿದವನ ಹೆಸರು ನಮ್ಮ ಶಾಲೆಯ ಪಾಠದಲ್ಲಿ ಒಂದು ಸಲವೂ ಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರಿನ ಮನೆಯೊಂದರ ಅಟ್ಟದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಒಯ್ದಿದ್ದ ಬೆಳ್ಳಿ ಕಟ್ಟಿನ ಕೋವಿಯೂ ಕತ್ತಿಗಳೂ ಸಿಕ್ಕವು. ಅಟ್ಟದಲ್ಲಿ ಸಿಕ್ಕಿದ್ದಕ್ಕೆ ಬೆಲೆ ಬರುವುದು ಯಾರು ತಂದರು, ಯಾವಾಗ ತಂದರು ಎಂಬ ಸರಪಳಿ ಕಡಿಯದೆ ಇದ್ದಾಗ.

ಈ ಕಥೆಯಲ್ಲಿ ತುಮಕೂರು ಸೀಮೆಗೂ ಪಾಲಿದೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಅಶ್ವಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಎಂಬುದು ಎಲ್ಲರಿಗೂ ಗೊತ್ತು. ಕಬ್ಬಿಣದ ಸಂಗತಿ ಅಷ್ಟು ಪ್ರಚಾರದಲ್ಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಸುತ್ತಿದ. ಗುಬ್ಬಿ ಕಡೆಯ ದೊರೆಗುಡ್ಡದ ಅದಿರನ್ನೂ ಮಧುಗಿರಿ, ಚನ್ನರಾಯನದುರ್ಗದ ಸುತ್ತಿನ ಕುಲುಮೆಗಳನ್ನೂ ನೋಡಿ ಬರೆದಿಟ್ಟ. ಉಕ್ಕು ಮಾಡುವ ರೀತಿ ಹೀಗೆ: ಜೇಡಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ, ಬಾಯಿಗೆ ಮಣ್ಣು ಮೆತ್ತಿ, ಇಂಥ ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ ತಿದಿ ಒತ್ತುತ್ತಿದ್ದರು. ಕಡ್ಡಿ ಸುಟ್ಟು ಹುಟ್ಟಿದ ಇದ್ದಿಲಿನ ಅಂಶ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ನಮ್ಮ ಬದುಗಳಲ್ಲಿ ಇಂದಿಗೂ ಹಳದಿ ಹೂ ಬಿಡುವ ಅದೇ ತಂಗಡಿ. ಕೋವಿ ಎಂದರೆ ಕೊನೆಗೆ ಲೋಹದ ವಿದ್ಯೆ. ಆ ವಿದ್ಯೆ ಈ ಹಳ್ಳಿಗಳ ಕಸುಬಾಗಿತ್ತು.

ಜೇಬಿನ ರಿವಾಲ್ವರು ಬಂದದ್ದು ಆಮೇಲೆ. ಚಕಮಕಿ ಕಲ್ಲು ಹೋಗಿ ಕೇಪು ಬಂತು, ಕೇಪು ಹೋಗಿ ತೋಟಾ ಬಂತು. ಅಮೆರಿಕದ ಕೋಲ್ಟ್ ಕಂಪನಿಯ 1849ರ ಪಾಕೆಟ್ ಮಾದರಿಯಲ್ಲಿ ಗುಂಡು ತುಂಬುವ ಉರುಳೆಯ ಸುತ್ತ ಕುದುರೆಗಾಡಿ ದರೋಡೆಯ ಚಿತ್ರ ಒತ್ತಿರುತ್ತದೆ. ನಳಿಕೆ, ಚೌಕಟ್ಟು, ಉರುಳೆ ಎಲ್ಲದರ ಮೇಲೂ ಒಂದೇ ಸಂಖ್ಯೆ ಇರಬೇಕು. ಬೇರೆಬೇರೆ ಇದ್ದರೆ ಎರಡು ಮೂರು ರಿವಾಲ್ವರು ಸೇರಿಸಿ ಒಂದು ಮಾಡಿದ್ದಾರೆಂದು ಅರ್ಥ. ಇಂಗ್ಲೆಂಡಿನ ವೆಬ್ಲಿ ಕಂಪನಿ 1872ರಲ್ಲಿ ತಂದ ಮೋಟು ನಳಿಕೆಯ ಬುಲ್‌ಡಾಗ್ ರಿವಾಲ್ವರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೇಲೆ ಬ್ರಿಟಿಷ್ ಬುಲ್‌ಡಾಗ್ ಎಂದು ದಪ್ಪಕ್ಷರದಲ್ಲಿದ್ದರೂ ಅಂಡಾಕಾರದೊಳಗೆ ಇ.ಎಲ್.ಜಿ. ಎಂಬ ಮೂರು ಅಕ್ಷರ ಕಂಡರೆ ಅದು ಬೆಲ್ಜಿಯಂನ ಲೀಜ್ ಊರಿನಲ್ಲಿ ಪರೀಕ್ಷೆಯಾದದ್ದು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ 1904ರವರೆಗೆ ಪರೀಕ್ಷೆಯಾದವುಗಳ ಮೇಲೆ ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡಗಳಿರುತ್ತವೆ. ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಕೆ ಸಿಡಿಯದೆ ಉಳಿದರೆ ಮಾತ್ರ ಒತ್ತುತ್ತಿದ್ದ ಮುದ್ರೆ ಅದು.

ಮುದ್ರೆಯನ್ನೂ ನಕಲು ಮಾಡಬಹುದಲ್ಲ ಎಂದು ಕೇಳಬಹುದು. ಮಾಡುತ್ತಾರೆ. ಆದರೆ ಸುತ್ತಲ ಲೋಹ ಸವೆದು ನುಣುಪಾಗಿ, ಮುದ್ರೆಯ ಅಂಚು ಮಾತ್ರ ಹರಿತವಾಗಿದ್ದರೆ ಗುಟ್ಟು ರಟ್ಟಾಗುತ್ತದೆ. ತಿರುಪುಮೊಳೆಗಳ ತಲೆಯ ಸೀಳೂ ಸುಳ್ಳು ಹೇಳುವುದಿಲ್ಲ. ಹಾಗಾಗಿ ಹಳೆಯ ಆಯುಧಕ್ಕೆ ನಾವು ಮಾಡುವ ದೊಡ್ಡ ಅನ್ಯಾಯವೆಂದರೆ ಅದನ್ನು ಫಳಫಳ ಹೊಳೆಯುವಂತೆ ಉಜ್ಜುವುದು. ಆಯುಧಪೂಜೆಗೆಂದು ಹುಣಸೆಹಣ್ಣು, ಮರಳು ಕಾಗದ ಹಾಕಿ ತಿಕ್ಕಿದರೆ ಅಸಲಿ ಎನ್ನುವುದಕ್ಕೆ ಇದ್ದ ಸಾಕ್ಷಿಯೇ ಅಳಿಸಿಹೋಗುತ್ತದೆ. ಅರಿಶಿನ ಕುಂಕುಮವಿಟ್ಟು ಒಣ ಬಟ್ಟೆಯಲ್ಲಿ ಒರೆಸಿದರೆ ಪೂಜೆಗೂ ಸಾಕು, ಚರಿತ್ರೆಗೂ ಕ್ಷೇಮ.

ಮನೆಯಲ್ಲಿ ಇಂಥದ್ದೇನಾದರೂ ಸಿಕ್ಕರೆ ಕುದುರೆ ಎಳೆದು ನೋಡಬೇಡಿ. ಒಳಗೆ ಹಳೆಯ ಮದ್ದು ಉಳಿದಿರಬಹುದು. 1959ರ ಆಯುಧ ಕಾಯ್ದೆ ಹಳತೆಂಬ ಒಂದೇ ಕಾರಣಕ್ಕೆ ವಿನಾಯಿತಿ ಕೊಡುವುದಿಲ್ಲ. ರಿಪೇರಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಕಾಯ್ದೆಯ 45ನೇ ಕಲಂ ಅದನ್ನು ಹೊರಗಿಡುತ್ತದೆ. 100 ವರ್ಷ ದಾಟಿದ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಪೊಲೀಸರ ಭಯಕ್ಕೆ ಬಾವಿಗೆ ಎಸೆಯುವ ಅಗತ್ಯವೂ ಇಲ್ಲ. ಇದ್ದಲ್ಲೇ ಇಟ್ಟು ಠಾಣೆಗೆ ತಿಳಿಸಿ, ಪುರಾತತ್ವ ಇಲಾಖೆಯವರಿಗೂ ಹೇಳಿ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಹಳೆಯ ಬಾವಿಯೊಂದರಿಂದ ಹೊರಬಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಇಲಾಖೆಯ ಕೈಗೆ ಬಂದದ್ದರಿಂದ ಉಳಿದುಕೊಂಡವು.