ಹೆಸರು ದಾಖಲಾಗದ ಕೈಗಳು

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು ಹಳೆಯ ಪದ್ಧತಿ. ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲುಬಾಣ ಮಾಡಿ ಕೂಸಿನ ಕೈಗೆ ಕೊಡುತ್ತಿದ್ದರು. ತಡಿಯಂಡಮೋಳ್ ಬೆಟ್ಟದ ಬುಡದ ಕಕ್ಕಬೆಯಲ್ಲಿ ಮನೆಗೂ ಮನೆಗೂ ನಡುವೆ ತೋಟ, ಗದ್ದೆ, ತೋಡು. ಆ ಗುಂಡಿನ ಸದ್ದೇ ಸುದ್ದಿ. ಕೂಸನ್ನು ಮೊದಲು ಕೈಗೆತ್ತಿಕೊಂಡ ಸೂಲಗಿತ್ತಿ ಯಾರೆಂದು ಮಾತ್ರ ಯಾವ ಸದ್ದೂ ಹೇಳುತ್ತಿರಲಿಲ್ಲ.

ಕಕ್ಕಡ ಮಾಸದ ಮಳೆ ಹಿಡಿದರೆ ಮಡಿಕೇರಿಯ ಆಸ್ಪತ್ರೆ ಬೇರೆ ದೇಶದಷ್ಟು ದೂರವಾಗುತ್ತಿದ್ದ ಕಾಲವದು. ಮಳೆಗೆ ಗೊರಗ ಹೊದ್ದು ಬರುತ್ತಿದ್ದ ಸೂಲಗಿತ್ತಿಯೇ ದಿಕ್ಕು. ಸೂತಕದ ಕೆಲಸವೆಂದು ನಾಡಿನ ಬಹುಭಾಗದಲ್ಲಿ ಹೆರಿಗೆ ಮಾಡಿಸುವುದನ್ನು ಕೆಳಜಾತಿಯೆನಿಸಿದವರಿಗೇ ಬಿಟ್ಟಿದ್ದರು. ಜೀವ ಉಳಿಸುವಾಗ ಬೇಕಾದ ಕೈ, ಸೂತಕದ ಹನ್ನೊಂದು ದಿನ ಕಳೆದ ಮೇಲೆ ಬೇಡ!

ಹೀಗೆ ಮರೆವಿಗೆ ಸಂದ ಸಾವಿರಾರು ಮಂದಿಯಲ್ಲಿ ಹೆಸರು ಉಳಿದದ್ದು ಕೆಲವರದಷ್ಟೇ. ಅವರಲ್ಲೊಬ್ಬರು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ. ಹನ್ನೆರಡಕ್ಕೆ ಮದುವೆ, ಹೆತ್ತದ್ದು ಹನ್ನೆರಡು ಮಕ್ಕಳನ್ನು, ಅವರಲ್ಲಿ ನಾಲ್ವರು ಉಳಿಯಲಿಲ್ಲ. ವಿದ್ಯೆ ಬಂದದ್ದು ಅಜ್ಜಿ ಮರಿಗೆಮ್ಮನಿಂದ. ನರಸಮ್ಮನ ಐದು ಹೆರಿಗೆ ಮಾಡಿಸಿದವಳೂ ಆ ಅಜ್ಜಿಯೇ. ತಾನು ನೋವು ತಿನ್ನುತ್ತಲೇ ಕಲಿತ ಪಾಠವೆಂದರೆ ಅದು ಯಾವ ಕಾಲೇಜಿನಲ್ಲೂ ಸಿಗದು. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅತ್ತೆಯೊಬ್ಬರ ಹೆರಿಗೆ ಮಾಡಿಸಿ ಆರಂಭಿಸಿದವರು ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂಬುದು ಲೆಕ್ಕ. ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ, ನಾಡಿ ಹೇಗಿದೆ ಎಂದು ಹೇಳುತ್ತಿದ್ದರಂತೆ. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಬಸುರಿಯರ ನಾಟಿ ಔಷಧಿ ಕಲಿತರು. ಕಾಸಿಗೆ ಕೈಯೊಡ್ಡಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ. ಅದೇ ವರ್ಷದ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ ತೀರಿಕೊಂಡರು.

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಸೂಲಗಿತ್ತಿಯರ ಕಥೆಯೂ ಇದಕ್ಕೆ ದೂರದ್ದಲ್ಲ. ಗುಲಾಮಗಿರಿಯ ಕಾಲದಿಂದ ಕರಿಯರ, ಬಿಳಿಯರ ಕೂಸುಗಳನ್ನು ಹಿಡಿದ ಈ ಅಜ್ಜಿಯರನ್ನು ಇಪ್ಪತ್ತನೇ ಶತಮಾನ ಕೊಳಕರು, ಅಜ್ಞಾನಿಗಳು ಎಂದು ಬದಿಗೆ ಸರಿಸಿತು. ಅಲಬಾಮಾದ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ 3,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 1976ರಲ್ಲಿ ಆ ರಾಜ್ಯ ಇಂಥವರ ವೃತ್ತಿಗೇ ಬಾಗಿಲು ಹಾಕಿತು. ಈಗ ಅಮೆರಿಕದಲ್ಲಿ ಹೆರಿಗೆಯ ಕಾರಣಕ್ಕೆ ಸಾಯುವ ಕಪ್ಪು ತಾಯಂದಿರ ಪ್ರಮಾಣ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ಆದ್ದರಿಂದಲೇ ಫ್ಲಾರಿಡಾದ ಜೆನಿ ಜೋಸೆಫ್ ಅವರಂಥವರು ಕ್ಲಿನಿಕ್ಕನ್ನೂ ಶಾಲೆಯನ್ನೂ ಕಟ್ಟಿ ಆ ವಿದ್ಯೆಯನ್ನು ಮತ್ತೆ ಎತ್ತಿ ನಿಲ್ಲಿಸುತ್ತಿದ್ದಾರೆ.

ನಮ್ಮಲ್ಲಿ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ತಾಯಂದಿರು ಉಳಿದಿದ್ದಾರೆ, ಅದಕ್ಕಿಂತ ದೊಡ್ಡ ಮಾತಿಲ್ಲ. ಮನೆಹೆರಿಗೆಯ ಕಾಲವನ್ನು ಹೊಗಳುವವರು ಬಾಣಂತಿಯರ ಸಾವನ್ನು ಮರೆತಿರುತ್ತಾರೆ. ಆದರೆ ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ನೂರಕ್ಕೆ 31 ದಾಟಿದೆ. ಅಷ್ಟೂ ಬೇಕಿತ್ತೇ? ನರಸಮ್ಮ ತೀರಿಕೊಂಡ ತಿಂಗಳಲ್ಲೇ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರಡಿಸಿತು: ನರ್ಸಿಂಗ್ ಓದಿದವರಿಗೆ 18 ತಿಂಗಳ ತರಬೇತಿ, ಸಹಜ ಹೆರಿಗೆಯ ಹೊಣೆ ಅವರದು. ಒಳ್ಳೆಯದೇ. ಆದರೆ ಹಳ್ಳಿಯ ಅಕ್ಷರ ಬಾರದ ಸೂಲಗಿತ್ತಿಗೆ ಆ ತರಗತಿಯಲ್ಲಿ ಜಾಗವಿಲ್ಲ. ಅವಳ ಅನುಭವವನ್ನು ಕೇಳಿ ಬರೆದುಕೊಳ್ಳುವಷ್ಟಾದರೂ ಮಾಡಬಹುದಿತ್ತು.

ಕೊಡಗಿನ ಅನೇಕ ಒಕ್ಕಗಳು, ಅಂದರೆ ಮನೆತನಗಳು, ತಮ್ಮ ವಂಶಾವಳಿಯನ್ನು ಪುಸ್ತಕ ಮಾಡಿಸಿವೆ. ಮುಂದಿನ ಮುದ್ರಣಕ್ಕೆ ಮುಂಚೆ ಮನೆಯ ಅಜ್ಜಿಯನ್ನು ಒಮ್ಮೆ ಕೇಳಿ: ನಿಮ್ಮ ಹೆರಿಗೆ ಮಾಡಿಸಿದವಳ ಹೆಸರೇನು? ಉತ್ತರ ಸಿಕ್ಕರೆ ಅದನ್ನೂ ಅಚ್ಚು ಹಾಕಿಸಿ.