ಹಲಸು ಕಾಯದು, ಮಳೆಯೂ ಕಾಯದು

ಮೇ ತಿಂಗಳು ಬಂತೆಂದರೆ ಬದಿಯಡ್ಕದ ಸುತ್ತುಮುತ್ತಲ ತೋಟಗಳಲ್ಲಿ ಎರಡು ಸದ್ದು ಕೇಳಿಬರುತ್ತವೆ. ಸೋಗೆಯೊಡನೆ ಅಡಿಕೆ ಹಾಳೆ ಕಳಚಿ ಬೀಳುವ ಸದ್ದು ಒಂದು. ಹಲಸಿನ ಹಣ್ಣು ಬಿದ್ದು ಒಡೆಯುವ ಸದ್ದು ಇನ್ನೊಂದು. ಈ ಎರಡು ಸದ್ದುಗಳ ನಡುವೆ ಕುಳಿತುಕೊಂಡೇ ನಾವು "ಈ ಊರಲ್ಲಿ ಏನುಂಟು, ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗದೆ ನಿರ್ವಾಹವಿಲ್ಲ" ಎಂದು ಮಾತಾಡಿಕೊಳ್ಳುತ್ತೇವೆ. ಈ ಮಾತನ್ನು ಆಡಿದವರಲ್ಲಿ ನಾನೂ ಒಬ್ಬ. ಆದುದರಿಂದ ಈ ಲೇಖನವನ್ನು ಉಪದೇಶವೆಂದು ಭಾವಿಸದೆ ಒಬ್ಬ ಮಾಸ್ಟ್ರ ತಪ್ಪೊಪ್ಪಿಗೆ ಎಂದು ಓದಬೇಕಾಗಿ ವಿನಂತಿ.

ಹಿರಿಯರು ಕಂಡ ದಾರಿ

ಉದ್ಯಮದ ಯೋಚನೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಕೃಷಿಕರು ಕಂಗಾಲಾಗಿದ್ದರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲಾಯಿಯಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿಕೊಂಡಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಅದರಲ್ಲಿ ಸೇರಿದರು. ಮುಂದೆ ಅಡಿಕೆಯ ಎಡೆಬೆಳೆಯಾಗಿ ಬಂದ ಕೊಕ್ಕೊವನ್ನು ಕೊಳ್ಳುವವರು ಹಿಂದೆ ಸರಿದಾಗ, ಅದೇ ಸಂಸ್ಥೆ ಕೊಕ್ಕೊ ಖರೀದಿಗೂ ಇಳಿಯಿತು; 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅವರು ಯಾವ ಹೊಸ ವಸ್ತುವನ್ನೂ ಕಂಡುಹಿಡಿಯಲಿಲ್ಲ. ಕೊಳ್ಳುವವರಿಲ್ಲದೆ ಅಂಗಳದಲ್ಲಿ ಉಳಿದದ್ದನ್ನು ನೋಡಿದರು, ಉಳಿದದ್ದೇಕೆಂದು ಕೇಳಿದರು, ಕೂಡಲೇ ಕೈಹಚ್ಚಿದರು. ನಮ್ಮ ಪಾಲಿಗೂ ಇದಕ್ಕಿಂತ ಉತ್ತಮವಾದ ಪಾಠ ಇರಲಾರದು.

ಹಾಳೆಯ ಸಂಗತಿಯನ್ನೇ ನೋಡಿರಿ. ನಮ್ಮ ಹಿರಿಯರಿಗೆ ಅದು ಮುಟ್ಟಾಳೆಯಾಗಿ, ಬೀಸಣಿಗೆಯಾಗಿ, ಪಡಿಗೆಯಾಗಿ ಒದಗಿಬಂತು. ಅದೇ ಹಾಳೆಯನ್ನು ಒಣಗಿಸಿಟ್ಟು, ಬೇಕಾದಾಗ ನೀರಲ್ಲಿ ನೆನೆಸಿ, ಕಾಯಿಸಿದ ಅಚ್ಚಿನಲ್ಲಿ ಒತ್ತಿದರೆ ತಟ್ಟೆಯಾಗುತ್ತದೆ. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂದಾಗ, ಮೊದಲೇ ಯಂತ್ರ ಹಾಕಿದ್ದವರಿಗೆ ಅನುಕೂಲವೇ ಆಯಿತು. ಆದರೆ ಯಾವ ಉದ್ಯಮವನ್ನೂ ಒಂದೇ ಕೊಂಬೆಗೆ ನೇತುಹಾಕಬಾರದೆಂಬುದಕ್ಕೂ ಇದೇ ನಿದರ್ಶನ. ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ಹೇಳಿ, ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಈ ತಟ್ಟೆಗಳು ತನಗೆ ಒಪ್ಪಿಗೆಯಿಲ್ಲವೆಂದು ತಿಳಿಸಿತು. ರಫ್ತನ್ನೇ ನಂಬಿದವರಿಗೆ ಅದು ಆಘಾತ. ಊರಿನ ಮದುವೆ, ಜಾತ್ರೆ, ಉತ್ಸವಗಳ ಗಿರಾಕಿಯನ್ನು ಕೈಬಿಡದವನಿಗೆ ಸ್ವಲ್ಪವಾದರೂ ಆಸರೆ ಉಳಿಯುತ್ತದೆ.

ನಾಳೆ ಬಾ ಎಂದವನು ನಾನು

ಹಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬ ಹಾಳೆತಟ್ಟೆಯ ಯಂತ್ರ ಹಾಕುವ ಉತ್ಸಾಹದಲ್ಲಿ ಮನೆಗೆ ಬಂದಿದ್ದ. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಕಲಿತವನು. ಮಲಯಾಳ ಮಾತಾಡಬಲ್ಲ, ಬರೆಯಲು ಹಿಂಜರಿಕೆ. ಅವನ ಕೈಯಲ್ಲಿ ಸಹಾಯಧನದ ಅರ್ಜಿ ಇತ್ತು, ಪೂರ್ತಿ ಮಲಯಾಳದಲ್ಲಿ. "ಮಾಸ್ಟ್ರೇ, ಇದನ್ನೊಮ್ಮೆ ತುಂಬಿಸಿಕೊಡಬೇಕಿತ್ತು" ಎಂದ. ಆ ದಿನ ಉತ್ತರಪತ್ರಿಕೆಗಳ ಕಟ್ಟು ನನ್ನ ಮುಂದಿತ್ತು. "ನಾಳೆ ಬಾ" ಎಂದೆ. ಅವನು ಬಂದ, ಆ ದಿನ ಮನೆಗೆ ನೆಂಟರು ಬಂದಿದ್ದರು. ಮೂರನೆಯ ಸಲ ಬಂದಾಗ "ಅರ್ಜಿ ಇಲ್ಲೇ ಇರಲಿ, ಆದಿತ್ಯವಾರ ನಾನೇ ಬರೆದಿಡುತ್ತೇನೆ" ಎಂದು ಮೇಜಿನ ಖಾನೆಗೆ ಹಾಕಿದೆ.

ಅನೇಕ ಆದಿತ್ಯವಾರಗಳು ಕಳೆದವು. ಅರ್ಜಿಯ ಕೊನೆಯ ದಿನಾಂಕವೂ ಕಳೆಯಿತು. ಅವನು ಒಂದು ಮಾತೂ ಆಡದೆ ಬೆಂಗಳೂರಿಗೆ ಹೋಗಿ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದ. ಈಗ ಅವನ ತಾಯಿ ಒಬ್ಬರೇ ಮನೆಯಲ್ಲಿದ್ದಾರೆ. ಪೇಟೆಯಲ್ಲಿ ಕಂಡಾಗ "ಮಗ ಓಣಂ ರಜೆಗೆ ಬರುತ್ತಾನೆ ಮಾಸ್ಟ್ರೇ" ಎಂದು ನಗುತ್ತಾರೆ. ನನ್ನಿಂದ ಸರಿಯಾಗಿ ಮುಖಕೊಟ್ಟು ಮಾತಾಡಲಾಗುವುದಿಲ್ಲ. ಬಹಳ ದಿನಗಳ ಮೇಲೆ ಖಾನೆ ಗುಡಿಸುವಾಗ ಆ ಅರ್ಜಿ ಸಿಕ್ಕಿತು. ಕುಳಿತು ಓದಿದೆ. ಎರಡು ಹಾಳೆಯ ಅರ್ಜಿ. ಮುಕ್ಕಾಲು ಗಂಟೆಯ ಕೆಲಸ!

ನಮ್ಮಂಥ ಭಾಷಾ ಅಲ್ಪಸಂಖ್ಯಾತರ ಆಲಸ್ಯಕ್ಕೆ ಒಂದು ವಿಶೇಷ ನೆಪವಿದೆ. ಅರ್ಜಿ ನಮ್ಮ ಭಾಷೆಯಲ್ಲಿಲ್ಲ ಎಂಬುದು ಆ ನೆಪ. ಅದು ಸುಳ್ಳಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲೂ ಅರ್ಜಿ ನಮೂನೆ ಬೇಕೆಂದು ನಾವು ಕೇಳಬೇಕು, ಕೇಳುತ್ತಲೇ ಇರಬೇಕು. ಆದರೆ ಹಕ್ಕಿನ ಹೋರಾಟ ಮುಗಿಯುವ ತನಕ ಅರ್ಜಿಯ ದಿನಾಂಕ ಕಾಯುವುದಿಲ್ಲ. ಕನ್ನಡ ಬಲ್ಲ, ಮಲಯಾಳ ಬರೆಯಬಲ್ಲ ಯುವಕನೋ ಯುವತಿಯೋ ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯಗಳಂಥ ಪೇಟೆಯಲ್ಲಿ ಒಂದು ಮೇಜು ಹಾಕಿ ಅರ್ಜಿ, ಭಾಷಾಂತರ, ಬ್ಯಾಂಕಿನ ಪತ್ರವ್ಯವಹಾರಗಳನ್ನು ನಿಗದಿತ ಶುಲ್ಕಕ್ಕೆ ಮಾಡಿಕೊಟ್ಟರೆ ಅದೇ ಒಂದು ಉದ್ಯಮ. ಕನ್ನಡ, ತುಳು, ಮಲಯಾಳ ಮೂರೂ ಬಾಯಲ್ಲಿರುವವನು ಮಂಗಳೂರಿನ ವ್ಯಾಪಾರಿಯೊಡನೆಯೂ ಕಣ್ಣೂರಿನ ವ್ಯಾಪಾರಿಯೊಡನೆಯೂ ವ್ಯವಹರಿಸಬಲ್ಲ. ಗಡಿಯಲ್ಲಿರುವುದು ನಮಗೆ ಕಷ್ಟವೆಂದು ಎಷ್ಟು ಸಲ ಹೇಳಿದ್ದೇವೆ! ಅದೇ ಬಂಡವಾಳವೂ ಹೌದೆಂದು ಎಂದಾದರೂ ಲೆಕ್ಕಹಾಕಿದ್ದೇವೆಯೇ?

ಹಪ್ಪಳ ಹೋಯಿತು, ಸೊಳೆ ಉಳಿಯಿತು

ಇನ್ನು ನಮ್ಮ ಮನೆಯ ಕಥೆ. ನನ್ನ ಮನೆಯಾಕೆ ಮಾಡುವ ಹಲಸಿನ ಹಪ್ಪಳಕ್ಕೆ ನೆಂಟರಿಷ್ಟರಲ್ಲಿ ಒಳ್ಳೆಯ ಹೆಸರು. "ಸ್ವಲ್ಪ ಹೆಚ್ಚು ಮಾಡಿ ಅಂಗಡಿಗೆ ಕೊಟ್ಟರೆ ಹೇಗೆ?" ಎಂದು ಅವಳು ಕೇಳುತ್ತಲೇ ಇದ್ದಳು. 2025ರ ವಿಷುವಿನ ಹೊತ್ತಿಗೆ ಮಂಗಳೂರಿನ ಅಂಗಡಿಯವರೊಬ್ಬರು ಸಾವಿರ ಹಪ್ಪಳಕ್ಕೆ ಹೇಳಿಯೂ ಬಿಟ್ಟರು. ಮರ ಹತ್ತುವವರನ್ನು ಗೊತ್ತುಮಾಡುವುದು ನನ್ನ ಪಾಲಿನ ಕೆಲಸ. ಮೌಲ್ಯಮಾಪನ ಮುಗಿಯಲಿ ಎಂದೆ. ಅದು ಮುಗಿದ ಮೇಲೆ ಊರಿನ ಉತ್ಸವ, ಆಮೇಲೆ ಒಂದು ಮದುವೆ. ಮಳೆ ಜೂನ್ ಒಂದಕ್ಕೆ ತಾನೇ ಎಂಬ ಧೈರ್ಯ ಬೇರೆ.

ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು. ಸೊಳೆ ಬೇಯಿಸಿ, ರುಬ್ಬಿ, ಒತ್ತಿ ಚಾಪೆಗೆ ಹಾಕಿದ್ದ ಮುನ್ನೂರು ಹಪ್ಪಳ ಒಳಗೇ ಉಳಿದು ಬೂಸ್ಟು ಹಿಡಿಯಿತು. ಅವಳು ಜಗಳವಾಡಲಿಲ್ಲ. "ಹಲಸು ಕಾಯುವುದಿಲ್ಲ, ಮಳೆಯೂ ಕಾಯುವುದಿಲ್ಲ. ಕಾಯುವುದು ನಾನು ಮಾತ್ರ" ಎಂದಳು. ಅಷ್ಟೇ.

ಮರುದಿನ ಬೆಳಗ್ಗೆ ನಾನೇ ಹೋಗಿ ಮರ ಹತ್ತುವವರನ್ನು ಕರೆತಂದೆ. ಬಿಸಿಲು ಬೇಡದ ಪದಾರ್ಥ ಯಾವುದೆಂದು ಇಬ್ಬರೂ ಯೋಚಿಸಿದೆವು. ಉಪ್ಪುಸೊಳೆ! ಬೆಳೆದ ಕಾಯಿಯ ಸೊಳೆ ಬಿಡಿಸಿ ಉಪ್ಪು ಬೆರೆಸಿ ಭರಣಿಗೆ ಒತ್ತಿ ತುಂಬಿಸಿ ಭಾರ ಇಟ್ಟರೆ ಆಯಿತು. ಆಟಿ ತಿಂಗಳಲ್ಲಿ ರೊಟ್ಟಿಗೂ ಪಲ್ಯಕ್ಕೂ ಅದೇ ತಾನೇ ನಮ್ಮ ಹಿರಿಯರಿಗೆ ಆಧಾರವಾಗಿದ್ದುದು? ಮಂಗಳೂರು, ಬೆಂಗಳೂರುಗಳಲ್ಲಿ ನೆಲೆಸಿದ ನಮ್ಮವರಿಗೆ ಅದರ ರುಚಿ ಗೊತ್ತು, ಹಲಸಿನ ಮರವಿಲ್ಲ. ಅವಳು ಹದಿನೆಂಟು ಭರಣಿ ತುಂಬಿಸಿದಳು. ಆಟಿ ಮುಗಿಯುವ ಮುನ್ನ ಹದಿನಾರು ಹೋಯಿತು. ದೊಡ್ಡ ಆದಾಯವೇನಲ್ಲ. ಆದರೆ ಆ ಹಣವನ್ನು ಅವಳು ಪ್ರತ್ಯೇಕವಾಗಿ ಒಂದು ಡಬ್ಬಿಯಲ್ಲಿಟ್ಟು, ತನ್ನ ಕೂಲಿಯನ್ನೂ ಖರ್ಚಿಗೆ ಸೇರಿಸಿ ಲೆಕ್ಕ ಬರೆದಳು. ಉದ್ಯಮ ಅವಳದು. ನಾನು ಗುಮಾಸ್ತ. ಆಹಾರ ಸುರಕ್ಷತಾ ನೋಂದಣಿಯ ಅರ್ಜಿಯನ್ನು ಅದೇ ವಾರ ತುಂಬಿಸಿದೆ; ಮನೆಯಲ್ಲಿ ತಯಾರಿಸಿ ಮಾರುವವರಿಗೂ ಅದು ಕಡ್ಡಾಯ ಎಂಬುದನ್ನು ಓದುಗರು ಮರೆಯಬಾರದು.

ತಿರುಗುಮುರುಗಾಗಿ ಎಣಿಸಿರಿ

ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಅದಕ್ಕೂ ಬಹಳ ಮೊದಲೇ ಎಣ್ಮಕಜೆಯ ವಾಣೀನಗರದ ಶ್ರೀ ಪಡ್ರೆಯವರು, 1988ರಲ್ಲಿ ಪುತ್ತೂರಿನಿಂದ ಆರಂಭವಾದ 'ಅಡಿಕೆ ಪತ್ರಿಕೆ'ಯ ಮೂಲಕ, ಕೃಷಿಕರ ಅನುಭವವನ್ನು ಕೃಷಿಕರಿಂದಲೇ ಬರೆಸಿ, ಹಲಸಿನ ಮೌಲ್ಯವನ್ನೂ ಮತ್ತೆ ಮತ್ತೆ ಎತ್ತಿತೋರಿಸಿದ್ದರು. ಕಾಸರಗೋಡಿನಲ್ಲಿ 1916ರಷ್ಟು ಹಿಂದೆ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಇಂದಿನ ಸಿ.ಪಿ.ಸಿ.ಆರ್.ಐ. ನಮಗೆ ಒಂದು ಬಸ್ಸಿನ ದಾರಿ. ತೆಂಗಿನ ನೀರಾವನ್ನು ಹುಳಿಯಾಗದಂತೆ ಇಳಿಸುವ 'ಕಲ್ಪರಸ'ದ ವಿಧಾನ ರೂಪುಗೊಂಡುದು ಅಲ್ಲಿಯೇ. ಅರಿವು ಹತ್ತಿರದಲ್ಲೇ ಇದೆ. ಕೊರತೆ ಇರುವುದು ಹೊರಡುವ ಮನಸ್ಸಿನಲ್ಲಿ.

ಆಲಸ್ಯಕ್ಕೆ ನಾನು ಕಂಡುಕೊಂಡ ಮದ್ದು ಬಹಳ ಸರಳ. ಕೊನೆಯ ದಿನದಿಂದ ತಿರುಗುಮುರುಗಾಗಿ ಎಣಿಸುವುದು. ಮೇ ಮಧ್ಯದೊಳಗೆ ಹಪ್ಪಳ ಒಣಗಿರಬೇಕಾದರೆ ಏಪ್ರಿಲಿನಲ್ಲಿ ಕಾಯಿ ಇಳಿಯಬೇಕು. ಹಾಗಾದರೆ ಮಾರ್ಚಿನಲ್ಲೇ ಮರ ಹತ್ತುವವರಿಗೆ ಹೇಳಿಡಬೇಕು. ಆ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಕೇಳುವವರ ಕಣ್ಣಿಗೆ ಬೀಳುವಂತೆ ಬರೆಯಬೇಕು. ಸಾವಿರಕ್ಕೆ ಕೈಹಾಕುವ ಮುನ್ನ ಇಪ್ಪತ್ತೈದರ ಐದು ಕಟ್ಟು ಮಾಡಿ ಐದು ಅಂಗಡಿಗೆ ಕೊಟ್ಟು ನೋಡಬೇಕು. ಮಾರಾಟವಾಗದಿದ್ದರೆ ನಷ್ಟ ಸಣ್ಣದು, ಪಾಠ ದೊಡ್ಡದು.

ಕಳೆದ ಓಣಂ ರಜೆಯಲ್ಲಿ ಶಿಷ್ಯ ಊರಿಗೆ ಬಂದಿದ್ದ. ನಾನೇ ಅವನ ಮನೆಗೆ ಹೋದೆ. ಹಳೆಯ ಅರ್ಜಿಯ ವಿಷಯ ಹೇಳಿ ಕ್ಷಮೆ ಕೇಳಿದೆ. ಅವನು ಸಂಕೋಚದಿಂದ "ಅದೆಲ್ಲ ಬಿಡಿ ಮಾಸ್ಟ್ರೇ. ಈಗ ಹಾಕುವುದಾದರೆ ಹೊಸ ಅರ್ಜಿ ಬೇಕಲ್ಲ?" ಎಂದ. ಹೌದು ಎಂದೆ. ಅಂದೇ ಸಂಜೆ, ಅವನ ತಾಯಿ ಕೊಟ್ಟ ಚಹಾ ಆರುವ ಮೊದಲೇ, ಮೊದಲನೆಯ ಪುಟ ತುಂಬಿಸಿ ಮುಗಿಸಿದೆವು.