ಬೇಲಿ ಮೇಯ್ದ ಹೊಲ

ಸರಕಾರದ ವರದಿಗಳನ್ನು ಸಾಹಿತ್ಯವೆಂದು ಓದುವವರು ವಿರಳ. ಆದರೂ ಅರ್ಥಶಾಸ್ತ್ರಜ್ಞ ಆರ್. ಕೆ. ಹಜಾರಿಯವರು ಯೋಜನಾ ಆಯೋಗಕ್ಕಾಗಿ ಸಿದ್ಧಪಡಿಸಿದ 1967ರ ವರದಿಯಲ್ಲಿ ಕಾದಂಬರಿಗೆ ಸಲ್ಲುವ ವ್ಯಂಗ್ಯವಿದೆ. 1951ರ ಕಾಯಿದೆಯಂತೆ ಹಲವು ಕೈಗಾರಿಕೆಗಳಲ್ಲಿ ಹೊಸ ಕಾರಖಾನೆ ತೆರೆಯಲು ಲೈಸೆನ್ಸು ಬೇಕಿತ್ತು. ಸಂಪತ್ತು ಕೆಲವರ ಕೈಸೇರದಿರಲೆಂಬುದೂ ಅದರ ಆಶಯವಾಗಿತ್ತು. ಹಜಾರಿಯವರು ಕಡತಗಳನ್ನು ಶೋಧಿಸಿದಾಗ ಕಂಡದ್ದೇ ಬೇರೆ. ದೊಡ್ಡ ಮನೆತನವೊಂದು ಒಂದೇ ಸರಕಿಗೆ ಹಲವು ಕಂಪನಿಗಳ ಹೆಸರಿನಲ್ಲಿ ಅರ್ಜಿ ಹಾಕುವುದು, ಲೈಸೆನ್ಸು ಪಡೆಯುವುದು, ಎಷ್ಟೋ ವೇಳೆ ಕಾರಖಾನೆಯನ್ನೇ ಕಟ್ಟದೆ ಸುಮ್ಮನಿರುವುದು! ನಿಗದಿಯಾದ ಉತ್ಪಾದನೆ ಕಾಗದದ ಮೇಲೆ ಭರ್ತಿಯಾದೊಡನೆ ಹೊಸಬನಿಗೆ ಬಾಗಿಲು ಮುಚ್ಚುತ್ತಿತ್ತು. ಪೈಪೋಟಿಯನ್ನು ಕೊಲ್ಲಲು ಬೆಲೆಯಿಳಿಸುವ ಶ್ರಮವೂ ಬೇಡವಾಯಿತು. ಸರಕಾರದ ಮೊಹರೇ ಸಾಕಾಯಿತು.

ಇದಕ್ಕೆ ಮದ್ದೆಂದು ಬಂದ 1969ರ ಏಕಸ್ವಾಮ್ಯ ಕಾಯಿದೆ ವಿಧಿಸಿದ್ದು, ವಿಚಿತ್ರವೆಂದರೆ, ಇನ್ನೊಂದು ಅನುಮತಿಯನ್ನೇ: 20 ಕೋಟಿ ರೂಪಾಯಿ ಆಸ್ತಿಯುಳ್ಳವರು ವಿಸ್ತರಣೆಗೆ ಮತ್ತೆ ದೆಹಲಿಯ ಕದ ತಟ್ಟಬೇಕಾಯಿತು. ಗಾತ್ರವನ್ನು ಅಳೆಯುವುದು ಸುಲಭ, ನಡತೆಯನ್ನು ಅಳೆಯುವುದು ಕಷ್ಟವಷ್ಟೆ. 1991ರಲ್ಲಿ ಆ ಕಟ್ಟು ಸಡಿಲಿತು.

2002ರ ಸ್ಪರ್ಧಾ ಕಾಯಿದೆ ದೊಡ್ಡತನವನ್ನು ಅಪರಾಧವೆನ್ನುವುದಿಲ್ಲ. ಅದರ ದುರುಪಯೋಗವನ್ನೂ ಬೆಲೆ ಗೊತ್ತುಮಾಡುವ ಒಳಸಂಚನ್ನೂ ವಿಚಾರಿಸುತ್ತದೆ. ಆದರೆ ಪಿಸುಮಾತಿನಲ್ಲಿ ಮುಗಿದ ಸಂಚಿಗೆ ಕಡತವೆಲ್ಲಿ? ಕೂಟದಲ್ಲಿದ್ದವನೇ ಮುಂದೆ ಬಂದು ಗುಟ್ಟು ಹೊರಗೆಡಹಿದರೆ ದಂಡದಲ್ಲಿ ರಿಯಾಯಿತಿ ಕೊಡುವ ವಿಧಿಯೊಂದು ಅದಕ್ಕಾಗಿಯೇ ಆ ಕಾಯಿದೆಯಲ್ಲಿದೆ.